ಶಂಕೆಯ ಮೂರು ತಿಂಗಳು

ಬೆರಳ ತುದಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಎಚ್.ಐ.ವಿ. ಸೋಂಕಿನ ಕುರುಹು ಉಂಟೋ ಇಲ್ಲವೋ ಎಂಬುದನ್ನು ಅರ್ಧ ಗಂಟೆಯೊಳಗೆ ಹೇಳಬಲ್ಲ ಸಾಧನ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ದೊರೆಯುತ್ತದೆ. ಅದಕ್ಕೆ ಶುಲ್ಕವಿಲ್ಲ. ಸೋಂಕು ಇದೆಯೆಂದೇ ತಿಳಿದುಬಂದರೂ ಅದನ್ನು ಹತ್ತಿಕ್ಕುವ ಔಷಧವನ್ನು ಸರ್ಕಾರವೇ ಒದಗಿಸುತ್ತದೆ. ಅದನ್ನು ತಡಮಾಡದೆ ಆರಂಭಿಸಿ ತಪ್ಪದೆ ಸೇವಿಸುವವನು ಉಳಿದವರಂತೆಯೇ ದುಡಿದು, ಸಂಸಾರ ನಡೆಸಿ, ಮುಪ್ಪನ್ನು ಕಾಣಬಲ್ಲನು. ಇಷ್ಟೆಲ್ಲ ಇದ್ದರೂ, ಒಂದು ರಾತ್ರಿಯ ಅವಿವೇಕದ ನಂತರ ತಿಂಗಳುಗಟ್ಟಲೆ ನಿದ್ದೆಗೆಟ್ಟು, ಯಾರಲ್ಲಿಯೂ ಬಾಯಿಬಿಡಲಾರದೆ ಒಳಗೊಳಗೇ ಬೇಯುವವರು ಈಗಲೂ ಇದ್ದಾರೆ. ವೈದ್ಯರು ಇಂಥವರನ್ನು ‘ಚಿಂತೆ ಹತ್ತಿದ ಆರೋಗ್ಯವಂತರು’ ಎಂದು ಕರೆಯುವುದುಂಟು. ಹೆಸರಿನಲ್ಲಿ ಕೊಂಚ ವಿನೋದವಿದ್ದರೂ ಅನುಭವಿಸುವವರ ಪಾಡು ವಿನೋದದ್ದಲ್ಲ.

ಊರು ಬೇರೆ, ಉದ್ಯೋಗ ಬೇರೆ. ಕಥೆಯ ಹಂದರ ಮಾತ್ರ ಬಹುಮಟ್ಟಿಗೆ ಒಂದೇ. ಕೆಲಸದ ಮೇಲೆ ಪರಸ್ಥಳಕ್ಕೆ ಹೋದ ಗೃಹಸ್ಥ, ಸ್ನೇಹಿತರ ಒತ್ತಾಯಕ್ಕೆ ಮಣಿದ ವಿದ್ಯಾರ್ಥಿ, ಮದುವೆಯ ಮುಹೂರ್ತ ಗೊತ್ತಾಗಿರುವ ವರ, ಮದುವೆಯಾಗುವೆನೆಂದವನ ಮಾತನ್ನು ನಂಬಿದ ತರುಣಿ, ಗಂಡನ ನಡತೆಯ ಸುಳಿವು ತಡವಾಗಿ ಸಿಕ್ಕ ಗೃಹಿಣಿ—ಇವರಲ್ಲಿ ಯಾರಾದರೂ ಈ ಕಥೆಯ ಪಾತ್ರವಾಗಬಹುದು. ಮೊದಲ ದಿನ ಪಶ್ಚಾತ್ತಾಪ. ಎರಡನೆಯ ದಿನ, ‘ನೋಡಲು ಆರೋಗ್ಯವಾಗಿಯೇ ಇದ್ದರಲ್ಲ’ ಎಂಬ ಸಮಾಧಾನ. ಮೂರನೆಯ ರಾತ್ರಿ, ಮನೆಮಂದಿಯೆಲ್ಲ ಮಲಗಿದ ಮೇಲೆ, ಹೊದಿಕೆಯೊಳಗೆ ಮೊಬೈಲಿನ ಬೆಳಕು. ಅಲ್ಲಿ ಕಾಣುವ ಪಟ್ಟಿಯಲ್ಲಿ ಜ್ವರ, ಗಂಟಲುನೋವು, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಂಟು. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ನೆಂಬ ಗಾದೆ ಎಲ್ಲರಿಗೂ ಗೊತ್ತು. ಈತ ಮುಟ್ಟಿ ನೋಡಿಕೊಳ್ಳುವುದು ಹೆಗಲನ್ನಲ್ಲ, ಕುತ್ತಿಗೆಯನ್ನು. ದಿನಕ್ಕೆ ಇಪ್ಪತ್ತು ಸಲ ಬೆರಳಿನಿಂದ ಒತ್ತಿ ನೋಡಿದರೆ ಯಾವ ಗ್ರಂಥಿ ತಾನೇ ನೋಯದೆ ಇದ್ದೀತು?

ಹೊಸದಾಗಿ ಸೋಂಕು ತಗುಲಿದ ಹಲವರಲ್ಲಿ ಎರಡರಿಂದ ನಾಲ್ಕು ವಾರಗಳೊಳಗೆ ಜ್ವರ ಬರುವುದೇನೋ ನಿಜ. ಆದರೆ ಆ ಜ್ವರಕ್ಕೆ ತನ್ನದೇ ಆದ ಮುಖವಿಲ್ಲ. ಶೀತಜ್ವರ, ಡೆಂಗ್ಯೂ, ಮಳೆಗಾಲದಲ್ಲಿ ಮನೆಮನೆಯಲ್ಲಿ ಕಾಣುವ ಸಾಧಾರಣ ವೈರಸ್ ಜ್ವರ ಎಲ್ಲವೂ ಹಾಗೆಯೇ ಇರುತ್ತವೆ. ಸೋಂಕು ತಗುಲಿಯೂ ಯಾವ ಲಕ್ಷಣವನ್ನೂ ಕಾಣದವರುಂಟು. ಸೋಂಕಿಲ್ಲದೆಯೇ ಎಲ್ಲ ಲಕ್ಷಣಗಳನ್ನೂ ಕಂಡವರುಂಟು. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಹಸಿವು ಕೆಡುವುದು, ರಾತ್ರಿ ಬೆವರುವುದು, ಹೊಟ್ಟೆ ಕೆಡುವುದು, ದೇಹ ಇಳಿಯುವುದು, ಸದಾ ಆಯಾಸವಾಗುವುದು—ಇವೆಲ್ಲ ತೀವ್ರವಾದ ಚಿಂತೆಯ ಲಕ್ಷಣಗಳೂ ಹೌದು. ಹಿಂದೆ ಏಡ್ಸ್ ಕುರಿತ ಪ್ರಚಾರಪತ್ರಗಳಲ್ಲಿ ಅಚ್ಚಾಗುತ್ತಿದ್ದ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಭಯವು ದೇಹದಲ್ಲಿ ರೋಗದ ವೇಷ ಹಾಕಿಕೊಂಡು ಕುಣಿಯುತ್ತದೆ. ಹೆದರಿದವನು ಆ ವೇಷವನ್ನೇ ಸಾಕ್ಷಿಯೆಂದು ಭಾವಿಸುತ್ತಾನೆ.

ಭಯದ ವಂಶಾವಳಿ

ಈ ಬಗೆಯ ಭಯ ಎಚ್.ಐ.ವಿ.ಯೊಡನೆ ಹುಟ್ಟಿದುದಲ್ಲ. ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶದಲ್ಲಿ ಹರಡಿದ ಮೇಹರೋಗವನ್ನು ಭಾವಮಿಶ್ರನ ‘ಭಾವಪ್ರಕಾಶ’ ಫಿರಂಗ ರೋಗವೆಂದು ಕರೆಯಿತು. ಕನ್ನಡದ ಬಾಯಲ್ಲಿ ಅದು ಪರಂಗಿ ಹುಣ್ಣಾಯಿತು. 1905ರಲ್ಲಿ ಅದರ ರೋಗಾಣು ಪತ್ತೆಯಾಗಿ, 1906ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ ಬಂದಿತು. ರೋಗವಿಲ್ಲದಿದ್ದರೂ ಇದೆಯೆಂದು ನಂಬಿ ವೈದ್ಯರಿಂದ ವೈದ್ಯರಿಗೆ ಅಲೆಯುವವರನ್ನು ಯೂರೋಪಿನ ವೈದ್ಯಗ್ರಂಥಗಳು ಆಗಲೇ ಬಲ್ಲವಾಗಿದ್ದವು. ಆ ಭೀತಿಗೆ ಪ್ರತ್ಯೇಕವಾದ ಹೆಸರನ್ನೂ ಇಟ್ಟಿದ್ದವು. ಪೆನಿಸಿಲಿನ್ ಬಂದು ಪರಂಗಿ ರೋಗ ಗುಣವಾಗುವಂತಾದ ಮೇಲೆ ಆ ಭಯ ಕೆಲವು ಕಾಲ ತಣ್ಣಗಾಗಿತ್ತು.

1981ರ ಜೂನ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಒಂದು ವಾರಪತ್ರಿಕೆ ಲಾಸ್ ಏಂಜಲೀಸ್ ನಗರದ ಐವರು ತರುಣರ ಅಪರೂಪದ ಶ್ವಾಸಕೋಶದ ಕಾಯಿಲೆಯನ್ನು ವರದಿಮಾಡಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. 1985ರಲ್ಲಿ ರಕ್ತಪರೀಕ್ಷೆ ಬಳಕೆಗೆ ಬಂದಿತು. ಭಾರತದಲ್ಲಿ ಇದು ಮೊದಲು ಕಂಡುದು 1986ರಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಸೂಚನೆಯಂತೆ, ಅವರ ಶಿಷ್ಯೆ ಸೆಲ್ಲಪ್ಪನ್ ನಿರ್ಮಲಾ ಅವರು ವೇಶ್ಯಾವೃತ್ತಿಯ ಆಪಾದನೆಯಿಂದ ಸರ್ಕಾರದ ವಶದಲ್ಲಿದ್ದ ಹೆಂಗಸರ ರಕ್ತವನ್ನು ಸಂಗ್ರಹಿಸಿದರು. ಮಾದರಿಗಳನ್ನಿಡಲು ತಕ್ಕ ಸ್ಥಳವಿಲ್ಲದೆ ಮನೆಯ ರೆಫ್ರಿಜಿರೇಟರಿನಲ್ಲಿಯೇ ಇಟ್ಟು, ಬಳಿಕ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಾತ್ರಿಯ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಹೆದರಿದವನ ಕಥೆಯಲ್ಲಿ ‘ಆಕೆ’ ಎಂದರೆ ಸದಾ ವಿಷಕನ್ಯೆ. ಆದರೆ ಆ ಆರು ಮಂದಿಗೂ ಯಾರೋ ಒಬ್ಬ ಪುರುಷನಿಂದಲೇ ಸೋಂಕು ಬಂದಿದ್ದಿರಬೇಕೆಂಬುದನ್ನು ಆಗ ಕೇಳಿದವರು ಕಡಿಮೆ; ಈಗಲೂ ಕೇಳುವವರು ಕಡಿಮೆ.

ಆಗ ಔಷಧವೇ ಇರಲಿಲ್ಲ. ಹೆದರಿಸಿ ಜನರನ್ನು ದಾರಿಗೆ ತರಬೇಕೆಂಬ ಉದ್ದೇಶದಿಂದ ಏಡ್ಸ್ ಎಂದರೆ ಮೃತ್ಯು ಎಂಬ ಧಾಟಿಯಲ್ಲಿಯೇ ಪ್ರಚಾರ ನಡೆಯಿತು. 1987ರಲ್ಲಿ ಮೊದಲ ಔಷಧ ಬಂದಿತು. 1996ರ ಹೊತ್ತಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ನೆಲೆಗೊಂಡು ಸಾವು ಹಿಮ್ಮೆಟ್ಟಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ನೀಡತೊಡಗಿತು. ರೋಗದ ಸ್ಥಿತಿ ಹೀಗೆ ಬದಲಾದರೂ ಭಯ ಮಾತ್ರ 1986ರಲ್ಲಿಯೇ ನಿಂತುಬಿಟ್ಟಿದೆ.

ಮೊದಲ ಎಪ್ಪತ್ತೆರಡು ಗಂಟೆ

ಈ ಭಯದಿಂದ ಆಗುವ ನಿಜವಾದ ಹಾನಿ ನಿದ್ದೆಗೆಡುವುದಲ್ಲ. ಏನಾದರೂ ಮಾಡಲು ಸಾಧ್ಯವಿರುವ ಅಮೂಲ್ಯವಾದ ಮೂರು ದಿನಗಳನ್ನು ಅದು ನುಂಗಿಬಿಡುತ್ತದೆ.

ವೈರಸ್ ದೇಹವನ್ನು ಹೊಕ್ಕ ಕೂಡಲೇ ರಕ್ತದಲ್ಲೆಲ್ಲ ಹರಡುವುದಿಲ್ಲ. ಮೊದಲು ಒಳಚರ್ಮದ ಕಣಗಳಲ್ಲಿ, ಬಳಿಕ ಸಮೀಪದ ಗ್ರಂಥಿಗಳಲ್ಲಿ ನೆಲೆ ಮಾಡಿಕೊಳ್ಳಲು ಅದಕ್ಕೆ ಎರಡು ಮೂರು ದಿನಗಳು ಬೇಕು. ಆ ಅವಧಿಯೊಳಗೆ ಔಷಧ ಆರಂಭಿಸಿದರೆ ಅದು ಬೇರೂರದಂತೆ ತಡೆಯಬಹುದು. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಕಾಕ್ ಜಾತಿಯ ಕೋತಿಗಳಿಗೆ ಇದೇ ವರ್ಗದ ವೈರಸ್ಸನ್ನು ಚುಚ್ಚಿ, ನಂತರ ಟೆನೊಫೊವಿರ್ ಔಷಧ ಕೊಡಲಾಯಿತು. 24 ಗಂಟೆಗಳೊಳಗೆ ಆರಂಭಿಸಿ 28 ದಿನ ಔಷಧ ಪಡೆದ ಕೋತಿಗಳೆಲ್ಲ ಸೋಂಕಿನಿಂದ ಪಾರಾದವು. 48 ಅಥವಾ 72 ಗಂಟೆ ತಡವಾದಾಗ, ಇಲ್ಲವೇ ಔಷಧವನ್ನು ಬೇಗನೆ ನಿಲ್ಲಿಸಿದಾಗ, ಎಲ್ಲವೂ ಪಾರಾಗಲಿಲ್ಲ. ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆಯ ನೌಕರರನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದೇ ಔಷಧದಿಂದಲೂ ಅಪಾಯ ಸುಮಾರು ಶೇಕಡ 81ರಷ್ಟು ತಗ್ಗಿತೆಂದು ತೋರಿಸಿತ್ತು.

ಇಂದಿನ ನಿಯಮ ಇದರ ಫಲವೇ. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ಏನೇ ಆದರೂ 72 ಗಂಟೆ ಮೀರುವುದರೊಳಗೆ ಔಷಧವನ್ನು ಆರಂಭಿಸಿ, 28 ದಿನ ಬಿಡದೆ ಸೇವಿಸಬೇಕು. ಇದನ್ನು ವೈದ್ಯರು ‘ಪೆಪ್’ ಎಂದು ಕರೆಯುತ್ತಾರೆ. ಎಲ್ಲ ಸಂದರ್ಭಕ್ಕೂ ಇದು ಬೇಕಾಗುವುದಿಲ್ಲ. ಬೇಕೋ ಬೇಡವೋ ಎಂಬುದನ್ನು ನಡೆದ ಸಂಗತಿಯನ್ನು ಕೇಳಿ ವೈದ್ಯರೇ ತೀರ್ಮಾನಿಸುತ್ತಾರೆ. ಬಲಾತ್ಕಾರಕ್ಕೆ ಒಳಗಾದವರ ವಿಷಯದಲ್ಲಂತೂ ಒಂದು ಗಂಟೆಯನ್ನೂ ಕಳೆಯದೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗತಕ್ಕದ್ದು. ಇತರರು ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ, ಇಲ್ಲವೇ ಇದನ್ನು ಬಲ್ಲ ವೈದ್ಯರಲ್ಲಿ ವಿಚಾರಿಸಬಹುದು. ಆದರೆ ನಡೆಯುವುದೇನು? ಮಾನದ ಅಂಜಿಕೆಯಿಂದ ಮೂರು ದಿನ ಮುಚ್ಚಿಟ್ಟುಕೊಂಡು, ನಾಲ್ಕನೆಯ ದಿನ ಧೈರ್ಯ ತಂದುಕೊಂಡು ಬಂದವನಿಗೆ ವೈದ್ಯರು ಹೇಳಬಹುದಾದ ಮಾತು ಒಂದೇ: ಇನ್ನು ಕಾಯಬೇಕು.

ಕಾಯುವ ಲೆಕ್ಕ

ಸೋಂಕು ತಗುಲಿದ ಮರುದಿನವೇ ಪರೀಕ್ಷೆ ಮಾಡಿಸಿಕೊಂಡರೆ ಅದು ಏನನ್ನೂ ಹೇಳದು. ಸಾಧಾರಣ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹವು ಸಿದ್ಧಪಡಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಕಾಣಿಸಿಕೊಳ್ಳಲು ಕಾಲ ಬೇಕು. ಈ ನಡುವಣ ಕಾಲವನ್ನು ವಿಂಡೋ ಅವಧಿ ಎನ್ನುತ್ತಾರೆ. ಬೆರಳಿನ ರಕ್ತದಿಂದ ಮಾಡುವ ಶೀಘ್ರ ಪರೀಕ್ಷೆಗೆ ಸೋಂಕು ಸಿಕ್ಕಲು 23ರಿಂದ 90 ದಿನ. ರಕ್ತನಾಳದಿಂದ ರಕ್ತ ತೆಗೆದು ಪ್ರತಿಕಾಯವನ್ನೂ ವೈರಸ್ಸಿನ ಅಂಶವನ್ನೂ ಒಟ್ಟಿಗೆ ಹುಡುಕುವ ಪ್ರಯೋಗಶಾಲೆಯ ಪರೀಕ್ಷೆಗೆ 18ರಿಂದ 45 ದಿನ. ವೈರಸ್ಸಿನ ಅನುವಂಶಿಕ ದ್ರವ್ಯವನ್ನೇ ಹುಡುಕುವ ದುಬಾರಿ ಪರೀಕ್ಷೆಗೆ 10ರಿಂದ 33 ದಿನ. ನಮ್ಮ ಸರ್ಕಾರಿ ಕೇಂದ್ರಗಳು ಮೂರು ತಿಂಗಳ ನಂತರ ಮತ್ತೊಮ್ಮೆ ಬಂದು ಪರೀಕ್ಷಿಸಿಕೊಳ್ಳುವಂತೆ ಹೇಳುವುದು ಈ ಕಾರಣದಿಂದಲೇ. ಆರು ವಾರಗಳ ಪರೀಕ್ಷೆ ಬಹುಪಾಲು ಮನಸ್ಸನ್ನು ಹಗುರಮಾಡುತ್ತದೆ. ಮೂರು ತಿಂಗಳದು ಮಾತನ್ನು ಮುಗಿಸುತ್ತದೆ. ಪೆಪ್ ಔಷಧ ಸೇವಿಸಿದವರ ದಿನಗಣನೆಯನ್ನು ಮಾತ್ರ ವೈದ್ಯರೇ ಗೊತ್ತುಮಾಡಬೇಕು.

ಈ ಕಾಯುವಿಕೆಯಲ್ಲಿ ಅಂಕಿಗಳು ಸ್ವಲ್ಪ ಆಸರೆಯಾಗಬಲ್ಲವು. ಗಂಡುಹೆಣ್ಣಿನ ಸಾಮಾನ್ಯ ಸಂಭೋಗದಲ್ಲಿ, ಒಬ್ಬರಿಗೆ ಸೋಂಕಿದ್ದು ಅವರು ಔಷಧ ಸೇವಿಸದಿದ್ದಾಗಲೂ, ಇನ್ನೊಬ್ಬರಿಗೆ ಅದು ತಗುಲುವುದು 10,000 ಸಲಕ್ಕೆ ಪುರುಷನಾದರೆ ಸುಮಾರು 4 ಬಾರಿ, ಸ್ತ್ರೀಯಾದರೆ ಸುಮಾರು 8 ಬಾರಿ ಎಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಅಂದಾಜು ಮಾಡಿದೆ. ಗುದಸಂಭೋಗಕ್ಕೆ ಒಳಗಾಗುವವರಲ್ಲಿ ಇದು 138ಕ್ಕೆ ಏರುತ್ತದೆ. ಜನನಾಂಗದಲ್ಲಿ ಹುಣ್ಣಿದ್ದರೆ ಅಪಾಯ ಹೆಚ್ಚು. ನಿರೋಧ್ ಹರಿಯದೆ ಉಳಿದಿದ್ದರೆ ಬಹಳ ಕಡಿಮೆ. ಭಾರತದ ವಯಸ್ಕರಲ್ಲಿ ಸೋಂಕಿತರ ಪ್ರಮಾಣ ಶೇಕಡ 0.2ರ ಆಸುಪಾಸಿನಲ್ಲಿದೆ. ಅಪರಿಚಿತರೊಡನೆ ಒಮ್ಮೆ ನಡೆದ ಸಂಪರ್ಕದಿಂದ ಸೋಂಕು ತಗುಲುವ ಸಂಭವ ಭಯ ಹೇಳುವುದಕ್ಕಿಂತ ಬಹಳ ಸಣ್ಣದೆಂದು ಇದರಿಂದ ತಿಳಿಯುತ್ತದೆ. ಹಾಗೆಂದು ಅದು ಸೊನ್ನೆಯಲ್ಲ. ಒಂದೇ ಸಲಕ್ಕೆ ತಗುಲಿದವರೂ ಇದ್ದಾರೆ. ಅಂಕಿಗಳನ್ನು ನಂಬಿ ಪರೀಕ್ಷೆಯನ್ನೇ ಬಿಡುವುದು ಭಯಕ್ಕಿಂತ ದೊಡ್ಡ ಮೂರ್ಖತನ.

ಎಚ್.ಐ.ವಿ.ಯೊಂದನ್ನೇ ನೆನೆದು ನಡುಗುವವರು ಪರಂಗಿ ರೋಗ, ಗೊನೊರಿಯಾ, ಹೆಪಟೈಟಿಸ್ ಬಿ ಮುಂತಾದವನ್ನು ಮರೆತೇಬಿಡುತ್ತಾರೆ. ಒಂದು ಸಂಪರ್ಕದಲ್ಲಿ ಎಚ್.ಐ.ವಿ.ಗಿಂತ ಸುಲಭವಾಗಿ ಹರಡುವಂಥವು ಇವು. ಮೊದಲಿನ ಎರಡಕ್ಕೆ ಗುಣಪಡಿಸುವ ಔಷಧ ಉಂಟು, ಮೂರನೆಯದಕ್ಕೆ ಲಸಿಕೆ ಉಂಟು. ಆದ್ದರಿಂದ ವೈದ್ಯರನ್ನು ಕಂಡಾಗ ಅವುಗಳ ಪರೀಕ್ಷೆಯನ್ನೂ ಕೇಳಿಕೊಳ್ಳುವುದು ಲೇಸು.

ಕಾಯುವ ಅವಧಿಯಲ್ಲಿ ಮಾಡಬಾರದ ಕೆಲಸವೊಂದಿದೆ. ಯಾರಿಗೂ ತಿಳಿಯದಂತೆ ಪರೀಕ್ಷೆಯಾಗಲೆಂದು ಕೆಲವರು ರಕ್ತನಿಧಿಗೆ ಹೋಗಿ ರಕ್ತದಾನ ಮಾಡಲು ಯೋಚಿಸುವುದುಂಟು. ರಕ್ತನಿಧಿಯ ಪರೀಕ್ಷೆಗೂ ವಿಂಡೋ ಅವಧಿ ತಪ್ಪಿದ್ದಲ್ಲ. ಸೋಂಕಿನ ರಕ್ತವನ್ನು ಪಡೆದವರಲ್ಲಿ 10,000ಕ್ಕೆ 9,250 ಮಂದಿಗೆ ಅದು ತಗುಲುತ್ತದೆ. ತನ್ನ ಮರ್ಯಾದೆಯನ್ನು ಉಳಿಸಿಕೊಳ್ಳಲು ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಯಾವಳೋ ತಾಯಿಯ ಜೀವವನ್ನು ಪಣಕ್ಕಿಡುವುದು ಅಕ್ಷಮ್ಯ. ಮನೆಯಲ್ಲಿ ಮಡದಿಯಿರುವವನ ಹೊಣೆಯೂ ಅಂಥದೇ. ನೆಪ ಹೇಳಿ ದೂರವಿರುವುದೋ, ನಿರೋಧ್ ಬಳಸುವುದೋ, ನಡೆದುದನ್ನು ಹೇಳಿಬಿಡುವುದೋ ಅವರವರ ಸಂಸಾರಕ್ಕೆ ಬಿಟ್ಟದ್ದು; ಏನೂ ಆಗಿಲ್ಲವೆಂಬಂತೆ ಇದ್ದುಬಿಡುವುದು ಮಾತ್ರ ಅವನಿಗೆ ಬಿಟ್ಟ ವಿಷಯವಲ್ಲ.

ಬಾಗಿಲ ಮುಂದಿನ ಸಂಕೋಚ

ಎಲ್ಲಿಗೆ ಹೋಗಬೇಕೆಂಬುದೇ ಅನೇಕರ ಪಾಲಿಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಮನೆಯ ವೈದ್ಯರು ತಂದೆಯ ಗೆಳೆಯರು. ಬೀದಿಯ ಪ್ರಯೋಗಶಾಲೆಯಲ್ಲಿ ಪಕ್ಕದ ಮನೆಯ ಹುಡುಗಿ ಕೆಲಸಕ್ಕಿದ್ದಾಳೆ. ಹೀಗೆ ಹಿಂಜರಿದವನ ಕಣ್ಣಿಗೆ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ ತಜ್ಞ’ರ ಚೀಟಿ ಬೀಳುತ್ತದೆ. ಆ ತಜ್ಞರ ಶಾಸ್ತ್ರಜ್ಞಾನಕ್ಕಿಂತ ಅವರ ಶುಲ್ಕ ದೊಡ್ಡದು. ಹೆದರಿದವನ ಭಯ ಇಳಿದರೆ ಅವರ ಗಿರಾಕಿ ಕೈತಪ್ಪುತ್ತಾನೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಎಂದು ಕರೆಯುವ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಅಲ್ಲಿ ನಿಂತರೆ ಕಂಡವರು ಏನೆಂದಾರು ಎಂಬ ಅಳುಕು ಸಹಜ. ಆದರೆ ಆ ಸಾಲಿನಲ್ಲಿ ಬಸುರಿಯರೂ ಇರುತ್ತಾರೆ, ಕ್ಷಯರೋಗದ ಚಿಕಿತ್ಸೆಗೆ ಬಂದವರೂ ಇರುತ್ತಾರೆ. ಅವರಿಗೆಲ್ಲ ಈ ಪರೀಕ್ಷೆ ನಡೆಯುತ್ತದೆ. ಬಾಗಿಲ ಮುಂದೆ ನಿಂತ ಮಾತ್ರಕ್ಕೆ ಯಾರ ಗುಟ್ಟೂ ಬಯಲಾಗದು. ಒಳಗೆ ಆಪ್ತಸಮಾಲೋಚಕರು ಮೊದಲು ಮಾತನಾಡಿಸಿ, ಒಪ್ಪಿಗೆ ಪಡೆದು, ಆಮೇಲೆ ರಕ್ತ ತೆಗೆಸುತ್ತಾರೆ. ಫಲಿತಾಂಶವನ್ನು ಬಂದವರಿಗೇ ಪ್ರತ್ಯೇಕವಾಗಿ ತಿಳಿಸುತ್ತಾರೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸಕೂಡದು, ಅನುಮತಿಯಿಲ್ಲದೆ ಹೊರಗೆಡಹಕೂಡದು ಎಂಬುದು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ಸಾಮಾನ್ಯ ನಿಯಮ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಬಾಗಿಲವರೆಗೂ ಹೋಗಲಾರದವರು 1097 ಎಂಬ ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿ ಕೇಳಬಹುದು.

ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಕಂಡರೆ ಅಷ್ಟಕ್ಕೇ ತೀರ್ಪು ಹೇಳುವುದಿಲ್ಲ. ಬೇರೆ ಬೇರೆ ತತ್ತ್ವದ ಇನ್ನೆರಡು ಪರೀಕ್ಷೆಗಳಲ್ಲಿಯೂ ಅದು ಸ್ಥಿರಪಡಬೇಕು. ಹಾಗೆ ಸ್ಥಿರಪಟ್ಟವರಿಗೂ ಸಂಸಾರಜೀವನ ಮುಗಿಯಿತೆಂದಲ್ಲ. ಒಬ್ಬರಿಗೆ ಮಾತ್ರ ಸೋಂಕಿದ್ದ ಜೋಡಿಗಳನ್ನು ಯೂರೋಪಿನ 14 ದೇಶಗಳಲ್ಲಿ ವರ್ಷಗಟ್ಟಲೆ ಗಮನಿಸಿದ ‘ಪಾರ್ಟ್‌ನರ್’ ಎಂಬ ಅಧ್ಯಯನ 2016ರಲ್ಲಿಯೂ 2019ರಲ್ಲಿಯೂ ಫಲಿತಾಂಶ ಪ್ರಕಟಿಸಿತು. ಔಷಧದಿಂದ ರಕ್ತದಲ್ಲಿನ ವೈರಸ್ ಅಳತೆಗೆ ಸಿಕ್ಕದಷ್ಟು ಅಡಗಿದ್ದಾಗ, ನಿರೋಧ್ ಇಲ್ಲದೆ ಕೂಡಿದರೂ, ಸಂಗಾತಿಯಿಂದ ಸಂಗಾತಿಗೆ ಸೋಂಕು ದಾಟಿದ ಒಂದೇ ಒಂದು ನಿದರ್ಶನವೂ ಕಾಣಲಿಲ್ಲ.

ಶುಭವಾರ್ತೆಯನ್ನು ನಂಬದವರು

ಕಡೆಯದಾಗಿ, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದರೂ ಸಮಾಧಾನವಾಗದವರ ಮಾತು. ಮೂರು ತಿಂಗಳ ವರದಿ ಕೈಗೆ ಬಂದ ದಿನ ಇವರು ದೇವರಿಗೆ ಕಾಯಿ ಒಡೆಸುತ್ತಾರೆ. ವಾರ ಕಳೆಯುವುದರೊಳಗೆ ‘ರಕ್ತದ ಶೀಸೆ ಬದಲಾಗಿದ್ದರೆ?’ ಎಂಬ ಹುಳು ಹೊಗುತ್ತದೆ. ಇನ್ನೊಂದು ಪ್ರಯೋಗಶಾಲೆ, ಇನ್ನೊಂದು ವರದಿ, ಎರಡು ದಿನದ ನೆಮ್ಮದಿ, ಮತ್ತೆ ಅದೇ ಹುಳು. ಕ್ಷೌರದ ಅಂಗಡಿಯ ಕತ್ತಿ, ಹೋಟೆಲಿನ ಲೋಟ, ಸೊಳ್ಳೆ ಎಲ್ಲವೂ ಶಂಕೆಗೆ ಕಾರಣವಾಗುತ್ತವೆ. ಲೋಟದಿಂದಾಗಲಿ ಸೊಳ್ಳೆಯಿಂದಾಗಲಿ ಈ ವೈರಸ್ ಹರಡುವುದಿಲ್ಲವೆಂದು ಇವರಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಪ್ರಯೋಜನವಿಲ್ಲ. ಇವರನ್ನು ಕಾಡುತ್ತಿರುವುದು ಅನೇಕ ವೇಳೆ ವೈರಸ್ ಅಲ್ಲ, ನಡೆದುಹೋದುದರ ಬಗೆಗಿನ ಅಪರಾಧಪ್ರಜ್ಞೆ. ರಕ್ತಪರೀಕ್ಷೆ ಅದನ್ನು ಅಳೆಯಲಾರದು, ಆದ್ದರಿಂದ ಅಳಿಸಲೂ ಆರದು. ತಪ್ಪಿಗೆ ಶಿಕ್ಷೆ ಆಗಲೇಬೇಕೆಂದು ಮನಸ್ಸು ಒಳಗೊಳಗೇ ತೀರ್ಮಾನಿಸಿರುವಾಗ, ಶಿಕ್ಷೆಯಿಲ್ಲವೆನ್ನುವ ವರದಿಯನ್ನು ಅದು ನಂಬುವುದಾದರೂ ಹೇಗೆ?

ಇಂಥವರಿಗೆ ಹತ್ತನೆಯ ಪರೀಕ್ಷೆ ಮಾಡಿಸುವುದು ಉರಿಗೆ ತುಪ್ಪ ಹೊಯ್ದಂತೆ. ಪ್ರತಿ ಸಲದ ಪರೀಕ್ಷೆಯೂ ಶಂಕೆಗೆ ಇನ್ನಷ್ಟು ಬಲ ಕೊಡುತ್ತದೆ. ಗೀಳು ಮತ್ತು ಆತಂಕದ ಕಾಯಿಲೆಗಳಿಗೆ ಮನೋವೈದ್ಯರಲ್ಲಿ ಚಿಕಿತ್ಸೆಯಿದೆ. ಶಂಕೆ ಬಂದಾಗಲೆಲ್ಲ ಪರೀಕ್ಷೆಗೆ ಓಡದೆ ಅದನ್ನು ಸಹಿಸಿಕೊಳ್ಳುವ ಅಭ್ಯಾಸವನ್ನು ಹಂತಹಂತವಾಗಿ ಕಲಿಸುತ್ತಾರೆ. ಅಗತ್ಯವಿದ್ದರೆ ಮಾತ್ರೆಯನ್ನೂ ಕೊಡುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವುಳ್ಳ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ನಡೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಬದುಕೇ ಬೇಡವೆನಿಸುವ ಮಟ್ಟಕ್ಕೆ ಭಯ ಮುಟ್ಟಿದವರು ಮೂರು ತಿಂಗಳ ವರದಿಗಾಗಿ ಕಾಯದೆ ಅದೇ ರಾತ್ರಿ ಆ ಸಂಖ್ಯೆಗೆ ಕರೆಮಾಡತಕ್ಕದ್ದು.